ಹೆದ್ದಾರಿಗೆ ಎತ್ತರದ ಸೇತುವೆ: ಯೋಜನೆ ಹಾಕುವುದು ಹೇಗೆ?

2019ರ ಆಗಸ್ಟಿನಲ್ಲಿ ಘಟಪ್ರಭೆಯ ದಂಡೆಯ ಒಂದೂರಿನಲ್ಲಿ ಹೊಸ ಸೇತುವೆಯೊಂದನ್ನು ನೋಡಿದೆ. ಅದರ ಮೇಲೆ ಹನಿ ನೀರಿರಲಿಲ್ಲ. ನಾಲ್ಕು ಎಮ್ಮೆ, ಒಂದು ಟ್ರ್ಯಾಕ್ಟರ್, ಹಾಸಿಗೆ ಸುತ್ತಿಟ್ಟುಕೊಂಡು ಕುಳಿತ ಎರಡು ಕುಟುಂಬಗಳು ಇದ್ದವು. ಸೇತುವೆಯ ಎರಡೂ ತುದಿಯ ರಸ್ತೆ ಮಾತ್ರ ಎದೆಮಟ್ಟದ ನೀರಿನಲ್ಲಿತ್ತು. ಕೋಟಿಗಟ್ಟಲೆ ಸುರಿದು ಕಟ್ಟಿದ್ದು ಹೊಳೆಯ ನಡುವಿನ ನಡುಗಡ್ಡೆಯಾಗಿತ್ತು. ಜನರನ್ನು ಕರೆತರಲು ದೋಣಿಯೇ ಬರಬೇಕಾಯಿತು.

ಅಂದಿನಿಂದ ಯಾವ ಊರಿನ ಹೋರಾಟ ಸಮಿತಿಯವರು ಬಂದು, ‘ಸಾಹೇಬರೇ, ನಮಗೂ ಎತ್ತರದ ಸೇತುವೆ ಆಗಬೇಕು’ ಎಂದರೂ ನಾನು ಮೊದಲು ಕೇಳುವುದು, ‘ಸೇತುವೆಗೆ ಹತ್ತುವ ರಸ್ತೆ ಎಲ್ಲಿಂದ ಶುರುವಾಗುತ್ತದೆ?’ ಎಂದು. ಮೂರು ದಶಕ ಸೇತುವೆ ಕೆಲಸದಲ್ಲೇ ಕಳೆದವನು ನಾನು. ಕಂಬ ಬಿದ್ದದ್ದನ್ನು ಕಂಡದ್ದು ಕಡಿಮೆ. ಸೇತುವೆಗೆ ಹತ್ತುವ ಆ ಕೂಡುರಸ್ತೆ ಕೊಚ್ಚಿಹೋದದ್ದು, ಕೂಡುರಸ್ತೆಯಿಂದಾಗಿ ಊರು ಮುಳುಗಿದ್ದು ಬೇಕಾದಷ್ಟು. ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳೂ ಮನವಿ ಹಿಡಿದು ಓಡಾಡುವ ಪಂಚಾಯಿತಿ ಸದಸ್ಯರೂ ಇಬ್ಬರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಂತ 1: ವಾಹನ ಎಣಿಸಿ, ಕಬ್ಬಿನ ಹಂಗಾಮಿನಲ್ಲಿ

ಎರಡು ಪಥ ಸಾಕೇ, ನಾಲ್ಕು ಬೇಕೇ ಎಂಬುದು ವಾಹನ ಗಣತಿಯಿಂದ ತೀರ್ಮಾನವಾಗುತ್ತದೆ. ವರ್ಷಕ್ಕೆ ಎರಡು ಸಲ, ಪ್ರತಿ ಸಲ ಏಳು ದಿನ, ಹಗಲೂ ರಾತ್ರಿ ಎಣಿಸಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್‌ನ ನಿಯಮವಿದೆ. ಒಂದು ಸಲ ಸುಗ್ಗಿಯ ಭರದಲ್ಲಿ, ಇನ್ನೊಂದು ಸಲ ಬಿಡುವಿನ ಕಾಲದಲ್ಲಿ. ಜೂನ್‌ನಲ್ಲಿ ಮೂರು ದಿನ ಎಣಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಮುಧೋಳ, ಜಮಖಂಡಿ, ಚಿಕ್ಕೋಡಿ ಕಡೆಯ ರಸ್ತೆಯನ್ನು ಜೂನ್‌ನಲ್ಲಿ ಎಣಿಸುವುದೆಂದರೆ ಸಂತೆಯಿಲ್ಲದ ದಿನ ಸಂತೆಕಟ್ಟೆಯಲ್ಲಿ ನಿಂತು ಜನ ಎಣಿಸಿದಂತೆ. ಈ ಲೆಕ್ಕದಲ್ಲಿ ಕಾರು ಒಂದಾದರೆ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5, ಎತ್ತಿನ ಗಾಡಿ 8. ಬಯಲು ನೆಲದ ಎರಡು ಪಥದ ರಸ್ತೆ ದಿನಕ್ಕೆ 15,000 ಕಾರುಗಳಷ್ಟು ಸಂಚಾರ ತಾಳುತ್ತದೆಂದು ಹಿಡಿಯುತ್ತಾರೆ. ಕಾರ್ಖಾನೆಗೆ ಹೋಗಿಬರುವ ಸಾವಿರ ಕಬ್ಬಿನ ಟ್ರ್ಯಾಕ್ಟರುಗಳೇ ಅದರಲ್ಲಿ 4,500 ನುಂಗುತ್ತವೆ. ಚಿಂಚಲಿ ಮಾಯಕ್ಕನ ಜಾತ್ರೆ, ಸವದತ್ತಿ ಯಲ್ಲಮ್ಮನ ಹುಣ್ಣಿಮೆಯ ವಾರಗಳನ್ನು ಮಾತ್ರ ಬಿಟ್ಟುಬಿಡಿ.

ಹಂತ 2: ಜಾಗ

ದೊಡ್ಡ ಹೊಳೆಯಲ್ಲಿ ರಸ್ತೆಯ ನೇರಕ್ಕೆಂದು ಸೇತುವೆಯನ್ನು ಓರೆ ಮಾಡಬೇಡಿ. ಸೇತುವೆಗಾಗಿ ರಸ್ತೆಯನ್ನು ತಿರುಗಿಸಿ. ಹೊಳೆ ನೇರವಾಗಿ ಹರಿಯುವ, ದಂಡೆ ಗಟ್ಟಿಯಾಗಿರುವ ಜಾಗ ಹುಡುಕಿ. ಹಳೆಯ ಸೇತುವೆಯ ಪಕ್ಕದಲ್ಲೇ ಕಟ್ಟುವುದಾದರೆ ಹೊಸ ಕಂಬಗಳು ಹಳೆಯ ಕಂಬಗಳ ಸಾಲಿಗೇ ಬರಲಿ. ಬಾಂದಾರದ (ಹೊಳೆಗೆ ಅಡ್ಡ ಕಟ್ಟಿದ ಗೇಟಿನ ಒಡ್ಡು) ಕೆಳಗೆ ತೀರಾ ಹತ್ತಿರ ಬೇಡ, ಗೇಟಿನಿಂದ ಧುಮುಕುವ ನೀರು ತಳವನ್ನು ಕೊರೆಯುತ್ತದೆ.

ಹಂತ 3: ನೆರೆಯ ಮಟ್ಟ

ಎಲ್ಲರೂ ಅವಸರದಲ್ಲಿ ಮುಗಿಸುವ ಹಂತ ಇದು. ಯಾರನ್ನೋ ಕೇಳಿ, ಹಳೆಯ ಸೇತುವೆಯ ಕಟ್ಟೆಯ ಮೇಲಿನ ಬಣ್ಣದ ಗೆರೆ ನೋಡಿ, ‘ಅತ್ಯುನ್ನತ ನೆರೆಮಟ್ಟ ಇಷ್ಟು’ ಎಂದು ಬರೆದುಬಿಡುತ್ತಾರೆ. ಆ ಒಂದು ಅಂಕಿಯ ಮೇಲೆ ಇಡೀ ಯೋಜನೆ ನಿಂತಿರುತ್ತದೆ.

ನಾನು ಮಾಡುವುದು ಹೀಗೆ. ಎರಡೂ ದಂಡೆಯ ಊರುಗಳಲ್ಲಿ, ಸೇತುವೆಯ ಜಾಗದಿಂದ ಮೇಲಕ್ಕೆ ಒಂದು ಕಿಲೋಮೀಟರ್, ಕೆಳಕ್ಕೆ ಒಂದು ಕಿಲೋಮೀಟರ್ ಮನೆಮನೆಗೆ ಹೋಗುತ್ತೇನೆ. ನೀರು ಎಷ್ಟು ಬಂದಿತ್ತು ಎಂದು ಕೇಳಿದರೆ ಎಲ್ಲರೂ ಕೈಯನ್ನು ತಲೆಯ ಮೇಲೆ ಎತ್ತಿ ತೋರಿಸುತ್ತಾರೆ. ಅದಕ್ಕೇ ‘ಗೋಡೆಯ ಮೇಲೆ ಮುಟ್ಟಿ ತೋರಿಸಿ’ ಎನ್ನಬೇಕು. ಒಮ್ಮೆ ಒಬ್ಬ ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದೊಯ್ದು ಗೋಡೆಯ ಗೂಡು ತೋರಿಸಿದರು. ಮನೆಗೆ ಎರಡು ಸಲ ಸುಣ್ಣ ಬಳಿದಾಗಿತ್ತು. ಗೂಡಿನ ಒಳಮೂಲೆಗೆ ಬೆರಳು ಹಾಕಿದೆ. ನುಣ್ಣನೆಯ ಮೆಕ್ಕಲು ಹತ್ತಿತು. ಅದರ ಮೇಲಿನ ಗೂಡಿನಲ್ಲಿ ಬರೀ ಮಸಿ. ನೆರೆ ಬಂದದ್ದು ಈ ಎರಡು ಗೂಡುಗಳ ನಡುವಿಗೆ. ಪಂಚಾಯಿತಿಯವರು ಶಾಲೆಯ ಗೋಡೆಗೆ ಬಳಿಸಿದ್ದ ಕೆಂಪು ಗೆರೆ ಅದಕ್ಕಿಂತ ಒಂದೂವರೆ ಅಡಿ ಕೆಳಗಿತ್ತು.

2005, 2009, 2019, 2021, ಈ ನಾಲ್ಕೂ ವರ್ಷಗಳನ್ನು ಬೇರೆ ಬೇರೆ ಕೇಳಿ. ಮಲಪ್ರಭೆಯ ಕಡೆ ಹಲವರ ಬಾಯಲ್ಲಿ ಮೊದಲು ಬರುವುದು 2009, ಕೃಷ್ಣೆಯ ಕಡೆ 2019. ಪ್ರತಿ ದಂಡೆಯಲ್ಲಿ ಕನಿಷ್ಠ ಐದು ಗುರುತು ಸಿಗಲಿ. ಹೊಳೆಯ ಇಳಿಜಾರಿನ ಜೊತೆ ಹೊಂದದ ಗುರುತನ್ನು ಬಿಡಿ.

ಇಲ್ಲೊಂದು ಮೋಸವಿದೆ. ಹಳೆಯ ತಗ್ಗು ಸೇತುವೆಯ ಕಿಂಡಿಗಳಿಗೆ ಕಬ್ಬಿನ ರವದಿ (ಒಣಗರಿ), ಜಾಲಿ, ಬಾಳೆಯ ದಿಂಡು ಸಿಕ್ಕಿಕೊಂಡು ಮೇಲ್ಗಡೆ ನೀರು ಏರಿರುತ್ತದೆ. ಸೇತುವೆಗೆ ಅಂಟಿಕೊಂಡ ಗುರುತನ್ನಷ್ಟೇ ನಂಬಿದರೆ ಮಟ್ಟ ಹೆಚ್ಚು ಬರುತ್ತದೆ, ಕೆಳಗಡೆಯದನ್ನಷ್ಟೇ ನಂಬಿದರೆ ಕಡಿಮೆ. ಮೇಲಕ್ಕೂ ಕೆಳಕ್ಕೂ ಅಷ್ಟು ದೂರ ನಡೆಯಬೇಕೆಂದು ಹೇಳಿದ್ದು ಅದಕ್ಕೇ.

ಗುರುತುಗಳ ಮಟ್ಟವನ್ನು ಆಟೋ ಲೆವೆಲ್ (ಮಟ್ಟ ಅಳೆಯುವ ದುರ್ಬೀನು) ಇಟ್ಟು, ಸರ್ವೆ ಆಫ್ ಇಂಡಿಯಾದ ಬೆಂಚ್ ಮಾರ್ಕ್‌ನಿಂದ (ಎತ್ತರ ಗೊತ್ತಿರುವ ಕಲ್ಲಿನಿಂದ) ತನ್ನಿ. ಮೊಬೈಲ್ ಆ್ಯಪ್‌ನ ಎತ್ತರ, ಉಪಗ್ರಹ ನಕ್ಷೆಯ ಎತ್ತರ ಯಾವುದೂ ಇಲ್ಲಿ ನಡೆಯುವುದಿಲ್ಲ; ಮೀಟರುಗಟ್ಟಲೆ ತಪ್ಪಿರುತ್ತದೆ. ದುಬಾರಿ ಜಿಪಿಎಸ್ ಯಂತ್ರ ತಂದವರೂ ಎಡವುತ್ತಾರೆ: ಉಪಗ್ರಹ ಕೊಡುವ ಎತ್ತರಕ್ಕೂ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕೂ ನಮ್ಮ ಭಾಗದಲ್ಲಿ ಹತ್ತಾರು ಮೀಟರ್ ವ್ಯತ್ಯಾಸ. ಒಂದು ಯೋಜನಾ ವರದಿಯಲ್ಲಿ ಹೊಳೆಯ ತಳ ಒಂದು ಲೆಕ್ಕದಲ್ಲಿ, ಜಲಾಶಯದ ಮಟ್ಟ ಇನ್ನೊಂದು ಲೆಕ್ಕದಲ್ಲಿ ಇದ್ದುದನ್ನು ಕಂಡಿದ್ದೇನೆ. ಅದೇ ವರದಿಯ 40ನೇ ಪುಟದಲ್ಲಿ ಬೇರೊಂದು ಜಿಲ್ಲೆಯ ಹೊಳೆಯ ಹೆಸರೂ ಉಳಿದುಕೊಂಡಿತ್ತು. ಹಳೆಯ ವರದಿ ತಂದು ಹೆಸರು ಬದಲಿಸುವವರಿಗೆ ಕೊಡುವ ಹಣ ದಂಡ.

ಹರಿವಿನ ಅಂಕಿಅಂಶಗಳನ್ನು ಕೇಂದ್ರ ಜಲ ಆಯೋಗದಿಂದ, ಜಲಾಶಯಗಳಿಂದ ತರಿಸಿಕೊಳ್ಳಿ. ಆದರೆ ಅಣೆಕಟ್ಟಿನ ಲೆಕ್ಕವೊಂದನ್ನೇ ಹಿಡಿದು ಕೂರಬೇಡಿ. ಗೋಕಾಕದ ಕೆಳಗೆ ಸೇತುವೆ ಕಟ್ಟುವವರು ಹಿಡಕಲ್ ಅಣೆಕಟ್ಟಿನಿಂದ ಬಿಟ್ಟ ನೀರನ್ನಷ್ಟೇ ಎಣಿಸಿದರೆ, ಅದರ ಕೆಳಗೆ ಬಂದು ಸೇರುವ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳೆರಡೂ ಲೆಕ್ಕ ತಪ್ಪಿದವು. ಚಿಕ್ಕೋಡಿ ಕಡೆ ಕೃಷ್ಣೆಗೆ ಬರುವ ನೆರೆ ಹುಟ್ಟುವುದೇ ಮಹಾರಾಷ್ಟ್ರದಲ್ಲಿ: ಕೊಯ್ನಾ, ವಾರಣಾ, ಪಂಚಗಂಗಾ, ಅವುಗಳ ಜೊತೆ ದೂಧಗಂಗಾ, ವೇದಗಂಗಾ.

ಆಲಮಟ್ಟಿ ಹಿನ್ನೀರಿನ ಊರುಗಳವರು ಇನ್ನೊಂದು ಅಂಕಿ ಬರೆದಿಟ್ಟುಕೊಳ್ಳಬೇಕು. ಜಲಾಶಯದ ಈಗಿನ ಪೂರ್ಣ ಮಟ್ಟ 519.60 ಮೀಟರ್. ಕೃಷ್ಣಾ ಎರಡನೇ ಜಲವಿವಾದ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿದೆ. ಬೀಳಗಿ, ಕೊಲ್ಹಾರ, ಜಮಖಂಡಿ ಭಾಗದಲ್ಲಿ ಇಂದು ಸೇತುವೆ ಯೋಜಿಸುವವರು ಎರಡನೆಯ ಅಂಕಿಯನ್ನೇ ಹಿಡಿಯಬೇಕು, ಅದರ ಮೇಲೆ ನೆರೆಯ ಏರಿಕೆ ಸೇರಿಸಬೇಕು. ಸೇತುವೆಯ ಆಯುಷ್ಯ ನೂರು ವರ್ಷ. ಗೇಟು ಏರುವುದು ಯಾವಾಗ ಎಂಬ ರಾಜಕೀಯ ನಮಗೆ ಬೇಡ. ವಿಜಯಪುರ–ಹುಬ್ಬಳ್ಳಿ ಹೆದ್ದಾರಿಯ ಕೊರ್ತಿ–ಕೊಲ್ಹಾರ ಸೇತುವೆಯನ್ನು ಬೇಸಿಗೆಯಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ದಾಟಿ ನೋಡಿ. ಅಷ್ಟುದ್ದ ಏಕೆ ಬೇಕಾಯಿತೆಂದು ತಿಳಿಯುತ್ತದೆ.

ಹಂತ 4: ಎತ್ತರ, ಉದ್ದ, ಕೂಡುರಸ್ತೆ

ಹರಿವು ಸೆಕೆಂಡಿಗೆ 3,000 ಘನ ಮೀಟರ್ (ಸುಮಾರು 1.06 ಲಕ್ಷ ಕ್ಯೂಸೆಕ್) ದಾಟಿದರೆ ನೆರೆಮಟ್ಟಕ್ಕೂ ಸೇತುವೆಯ ತೊಲೆಯ ಕೆಳಅಂಚಿಗೂ ನಡುವೆ 1.5 ಮೀಟರ್ ಖಾಲಿ ಬಿಡಬೇಕು. 300ರಿಂದ 3,000ದ ಒಳಗಾದರೆ 1.2 ಮೀಟರ್. ಅಳೆಯಬೇಕಾದದ್ದು ತೊಲೆಯ ಕೆಳಅಂಚಿಗೆ. ರಸ್ತೆಯ ಮೇಲ್ಮೈಗೆ ಅಳೆದು ‘ಸಾಕಷ್ಟಿದೆ’ ಎಂದವರನ್ನು ಕಂಡಿದ್ದೇನೆ. ಸೇತುವೆ ಕಟ್ಟಿದ್ದರಿಂದಲೇ ಮೇಲ್ಗಡೆ ಏರುವ ನೀರಿಗೆ 15 ಸೆಂಟಿಮೀಟರ್, ಖಾಲಿ ಜಾಗ ಒಂದೂವರೆ ಮೀಟರ್, ತೊಲೆ ಎರಡು ಮೀಟರ್, ಮೇಲೆ ಕಾಂಕ್ರೀಟ್ ಹಾಸು. ಅಲ್ಲಿಗೆ ಸೇತುವೆಯ ಮೇಲಿನ ರಸ್ತೆ ನೆರೆಮಟ್ಟಕ್ಕಿಂತ ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ ಹೋಯಿತು.

ಈಗ ಇಳಿಯಬೇಕು. ಮೂವತ್ತಕ್ಕೆ ಒಂದರ (ಮೂವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿಯುವ) ಇಳಿಜಾರಿನಲ್ಲಿ ರಸ್ತೆಯನ್ನು ಸೀದಾ ಹೊಲದ ಮಟ್ಟಕ್ಕೆ ತಂದು ಕೂಡಿಸುವುದೇ ಸಾಮಾನ್ಯವಾಗಿ ಆಗುವ ತಪ್ಪು. ದಂಡೆಯ ಹೊಲ ನೆರೆಮಟ್ಟಕ್ಕಿಂತ ಮೂರು ಮೀಟರ್ ಕೆಳಗಿದ್ದರೆ ನೀವು ಕಟ್ಟಿದ್ದು ನಾನು ಕಂಡ ನಡುಗಡ್ಡೆಯನ್ನೇ. ಕೂಡುರಸ್ತೆ ನೆರೆಮಟ್ಟದ ಮೇಲೆ ಒಂದೂಮುಕ್ಕಾಲು ಮೀಟರಿಗಿಂತ ಕೆಳಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ. ಅಂದರೆ ಸೇತುವೆಯ ತುದಿಯಿಂದ ಸುಮಾರು 70 ಮೀಟರ್ ಇಳಿದು, ಅಲ್ಲಿಂದ ಅದೇ ಎತ್ತರದಲ್ಲಿ, ನೆರೆ ತಲುಪದ ದಿಣ್ಣೆ ಸಿಗುವವರೆಗೆ ಓಡಬೇಕು. ಕೃಷ್ಣೆಯ ಬಯಲಿನಲ್ಲಿ ಅದು ಕಿಲೋಮೀಟರುಗಟ್ಟಲೆ ಆಗಬಹುದು. ಅಂದಾಜು ವೆಚ್ಚ ನೋಡಿ ಎಲ್ಲರೂ ಕತ್ತರಿ ಹಾಕುವುದೂ ಇಲ್ಲೇ.

ಕತ್ತರಿ ಹಾಕದೆ ಇಡೀ ಉದ್ದಕ್ಕೆ ಮಣ್ಣಿನ ಏರಿ ಹಾಕಿದರೂ ತಪ್ಪೇ. ಅದು ಹೊಳೆಗೆ ಅಡ್ಡ ಕಟ್ಟಿದ ಒಡ್ಡು. ಹೊಲದ ಮೇಲೆ ಹರಿದುಹೋಗುತ್ತಿದ್ದ ನೀರು ಏರಿಗೆ ಬಡಿದು ನಿಂತು, ಎಂದೂ ಮುಳುಗದ ಊರಿನೊಳಗೆ ನುಗ್ಗುತ್ತದೆ. ಇಲ್ಲವೇ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ಆದ್ದರಿಂದ ರೈತರನ್ನು ಮತ್ತೊಂದು ಪ್ರಶ್ನೆ ಕೇಳಬೇಕು: ‘ನೀರು ಎಲ್ಲಿ ನಿಂತಿತ್ತು, ಎಲ್ಲಿ ಸೆಳವಿತ್ತು?’ ನಿಂತ ನೀರಿನಲ್ಲಿ ಕಬ್ಬು ಕೊಳೆತಿರುತ್ತದೆ. ಸೆಳವಿದ್ದಲ್ಲಿ ಕಬ್ಬು ಒಂದೇ ದಿಕ್ಕಿಗೆ ಮಲಗಿರುತ್ತದೆ, ಬದು ಕಿತ್ತಿರುತ್ತದೆ, ಮೇಲ್ಮಣ್ಣು ಹೋಗಿ ಗರಸು (ಕಲ್ಲುಮಿಶ್ರಿತ ಮಣ್ಣು) ತೇಲಿರುತ್ತದೆ. ಸೆಳವಿದ್ದಲ್ಲೆಲ್ಲ ನೀರು ಹಾಯಲು ಏರಿಯಲ್ಲಿ ಅಂಕಣಗಳನ್ನು ಕೊಡಿ. ಹಣ ಉಳಿಸಲು ಸಾಲಾಗಿ ಹ್ಯೂಮ್ ಪೈಪ್ (ದುಂಡು ಕಾಂಕ್ರೀಟ್ ಕೊಳವೆ) ಹಾಕುವುದು ನನಗೆ ಸ್ವಲ್ಪವೂ ಸೇರುವುದಿಲ್ಲ. ಮೊದಲ ತಾಸಿನಲ್ಲೇ ರವದಿ ಕಟ್ಟಿಕೊಂಡು ಅವು ಗೋಡೆಯಾಗುತ್ತವೆ. ಅಗಲವಾದ ಬಾಕ್ಸ್ ಕಲ್ವರ್ಟ್ (ಪೆಟ್ಟಿಗೆಯಾಕಾರದ ಕಾಂಕ್ರೀಟ್ ಮೋರಿ) ಹಾಕಿ. ಬೇಸಿಗೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅದರ ಕೆಳಗೇ ದಾಟಲಿ.

ಸೇತುವೆಯ ಉದ್ದಕ್ಕೆ ಪಠ್ಯದಲ್ಲಿ ಒಂದು ಸೂತ್ರವಿದೆ: ಹರಿವಿನ ವರ್ಗಮೂಲವನ್ನು 4.8ರಿಂದ ಗುಣಿಸಿ. ಐದು ಲಕ್ಷ ಕ್ಯೂಸೆಕ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 14,160 ಘನ ಮೀಟರ್, ಉತ್ತರ 570 ಮೀಟರ್. ಮೆಕ್ಕಲು ಮಣ್ಣಿನಲ್ಲಿ ತನ್ನ ದಾರಿ ತಾನೇ ಕೊರೆದುಕೊಳ್ಳುವ ಹೊಳೆಗಳಿಗೆ ಮಾಡಿದ ಸೂತ್ರ ಅದು. ತಳದಲ್ಲಿ ಬಂಡೆ, ಪಕ್ಕದಲ್ಲಿ ಎತ್ತರದ ದಂಡೆ ಇರುವ ಕಡೆ ದಂಡೆಯಿಂದ ದಂಡೆಗೆ ಅಳೆಯಿರಿ. ಹೂಳು ತುಂಬಿ ಪಾತ್ರವೇ ಕಾಣೆಯಾದ ಡೋಣಿಯಂಥ ಹೊಳೆಗೂ ಅದನ್ನು ಕುರುಡಾಗಿ ಬಳಸಬೇಡಿ. ದೊಡ್ಡ ಕೆಲಸವಾದರೆ ಪುಣೆ ಬಳಿಯ ಖಡಕ್‌ವಾಸ್ಲಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಮಾದರಿ ಕಟ್ಟಿಸಿ ಪರೀಕ್ಷಿಸಿ.

ಏರಿಯ ಇಳಿಜಾರಿಗೆ ಕಲ್ಲು ಹೊದಿಸುವಾಗ (ಪಿಚಿಂಗ್) ಒಬ್ಬನೇ ಎತ್ತಿ ಒಗೆಯಬಹುದಾದ ಕಲ್ಲು ಬೇಡ, 40 ಕಿಲೋಗೆ ಕಡಿಮೆ ಇರಬಾರದು. ಕಲ್ಲಿನ ಕೆಳಗೆ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಸೋಸುಬಟ್ಟೆ ಹಾಸಬೇಕು. ಅದರ ಹೆಸರಿನಲ್ಲಿ ಸಿಮೆಂಟ್ ಚೀಲದಂಥ ತೆಳು ಬಿಳಿ ಹಾಳೆ ಮಾರುತ್ತಾರೆ. ಉಗುರಿನಿಂದ ಗೀರಿದರೆ ಎಳೆ ಬಿಡುತ್ತದೆ. ನೆರೆ ಇಳಿಯುವಾಗ ಒಳಗಿನ ಗರಸು ಅದರ ಸಂದಿಯಿಂದ ಸೋರಿಹೋಗಿ ಕಲ್ಲು ಕುಸಿಯುತ್ತದೆ.

ಹಂತ 5: ಕೊರೆತ

ತಳದ ಮಣ್ಣು, ಬಂಡೆ ಪರೀಕ್ಷಿಸಲು ಪ್ರತಿ ಕಂಬಕ್ಕೂ ಒಂದು ಕೊರೆಬಾವಿ. ‘ಎರಡು ಕಂಬಕ್ಕೆ ಒಂದು ಸಾಕು’ ಎನ್ನುವವರ ಮಾತು ಕೇಳಬೇಡಿ. ದೊಡ್ಡ ಗುಂಡುಕಲ್ಲು ತಗುಲಿದರೆ ಕೊರೆಯುವವರು ಬಂಡೆ ಸಿಕ್ಕಿತೆಂದು ಯಂತ್ರ ನಿಲ್ಲಿಸುತ್ತಾರೆ. ಅದರಾಚೆಗೂ ಐದು ಮೀಟರ್ ಕೊರೆಸಿ. ನಮ್ಮ ಕರಿಗಲ್ಲಿನ ಪದರಗಳ ನಡುವೆ ಮೆತ್ತನೆಯ ಕೆಂಪು ಮಣ್ಣಿನ ಪದರ ಅಡಗಿರುತ್ತದೆ. ಹಿನ್ನೀರಿನ ಕಡೆ ಏಪ್ರಿಲ್, ಮೇ ಬಿಟ್ಟರೆ ಒಣ ತಳ ಸಿಗುವುದಿಲ್ಲ.

ಹಂತ 6: ಎರೆ ಮಣ್ಣು

ಎರೆ ಮಣ್ಣನ್ನೇ ಅಗೆದು ಏರಿಗೆ ಹಾಕಬೇಡಿ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಗರಸು ಎಷ್ಟು ದೂರದಿಂದ ತರಬೇಕೆಂಬುದನ್ನು ಅಂದಾಜಿನಲ್ಲಿ ಮೊದಲೇ ತೋರಿಸಿ.

ಹಂತ 7: ಜಮೀನು

ಏಳು ಮೀಟರ್ ಎತ್ತರದ ಏರಿಗೆ, ಮೇಲೆ 12 ಮೀಟರ್ ಅಗಲ, ಎರಡೂ ಪಕ್ಕದಲ್ಲಿ ಒಂದಕ್ಕೆ ಎರಡರ (ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಗಲ) ಇಳಿಜಾರು ಇಟ್ಟರೆ ಬುಡ 40 ಮೀಟರ್. ರಸ್ತೆಯ ಅಗಲಕ್ಕಷ್ಟೇ ಅಧಿಸೂಚನೆ ಹೊರಡಿಸಿ, ಕೆಲಸ ಅರ್ಧವಾದ ಮೇಲೆ ಮತ್ತೆ ರೈತರ ಬಾಗಿಲಿಗೆ ಹೋಗುವ ಪರಿಪಾಠ ನಿಲ್ಲಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1956ರ ಕಾಯ್ದೆಯಂತೆ ಮೊದಲ ಅಧಿಸೂಚನೆಯಿಂದ ಒಂದು ವರ್ಷದೊಳಗೆ ಘೋಷಣೆ ಆಗದಿದ್ದರೆ ಎಲ್ಲ ಮೊದಲಿನಿಂದ. ಅಷ್ಟರಲ್ಲಿ ಉತಾರಗಳನ್ನು (ಪಹಣಿಗಳನ್ನು) ನೋಡಿ: ಅಜ್ಜನ ಹೆಸರಿನಲ್ಲೇ ಉಳಿದ ಹೊಲ, ವಾಟ್ನಿಯಾಗದ (ಆಸ್ತಿ ಪಾಲಾಗದ) ಅಣ್ಣತಮ್ಮಂದಿರು. ಪರಿಹಾರ ತಡವಾಗುವುದು ಹೆಚ್ಚಾಗಿ ಇದರಿಂದಲೇ. ಗಡಿಗಲ್ಲುಗಳನ್ನು ಮೂರು ಅಡಿ ಆಳದಲ್ಲಿ, ಕಾಂಕ್ರೀಟ್ ಸುರಿದು ನೆಡಿ. ಎರೆ ಹೊಲದಲ್ಲಿ ಬರೀ ಮಣ್ಣಿಗೆ ಊರಿದ ಕಲ್ಲು ಮುಂದಿನ ಬಿತ್ತನೆಯ ಹೊತ್ತಿಗೆ ಬದುವಿನ ಮೇಲೆ ಬಿದ್ದಿರುತ್ತದೆ.