ಕತ್ತಲೆ ದೃಶ್ಯದ ಚುಕ್ಕೆಗಳನ್ನು ಹೋಗಲಾಡಿಸಿದ ಬಗೆ

ಆಲಮಟ್ಟಿ ಹಿನ್ನೀರಿನಿಂದಾಗಿ ಬಹಳ ಜನ ನವನಗರಕ್ಕೆ ಹೋದ ಮೇಲೆ ಉಳಿದಿರುವ ಹಳೆ ಬಾಗಲಕೋಟೆಯ ಒಂದು ಮನೆಯಲ್ಲಿ, ಕಾಲೇಜಿನ ಗೆಳೆಯರು ಸೇರಿ ಮೊಬೈಲ್‌ನಲ್ಲಿ ದೆವ್ವದ ಕಿರುಚಿತ್ರ ತೆಗೆದೆವು. ತೊಂದರೆ ಇದು: ಕತ್ತಲೆ ಮೂಲೆಗಳಲ್ಲಿ ಬಣ್ಣದ ಚುಕ್ಕೆಗಳು ಹರಿದಾಡುತ್ತಿದ್ದವು, ಟಾರ್ಚ್ ತಿರುಗಿಸಿದಾಗಲೆಲ್ಲ ಇಡೀ ಚಿತ್ರ ಬೆಳಗಿ ಮತ್ತೆ ಮಂಕಾಗುತ್ತಿತ್ತು.

ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣವನ್ನು, 3200ಕ್ಕೆ ಏರಿಸಿದರೆ ಚುಕ್ಕೆ ಹೆಚ್ಚಿತು. ಎಡಿಟಿಂಗ್‌ನಲ್ಲಿ ಬೆಳಕು ಹೆಚ್ಚಿಸಿದರೂ ಅಷ್ಟೇ. ಚುಕ್ಕೆ ಅಳಿಸುವ ಫಿಲ್ಟರ್ ಹಾಕಿದರೆ ಮುಖ ಮೇಣದ ಗೊಂಬೆಯಂತೆ ನುಣ್ಣಗಾಯಿತು.

ಫಲ ಕೊಟ್ಟಿದ್ದು ಒಂದೇ: ಬೆಳಕಿನಲ್ಲಿ ಚಿತ್ರೀಕರಿಸಿ, ಕತ್ತಲೆಯನ್ನು ಎಡಿಟಿಂಗ್‌ನಲ್ಲಿ ತರುವುದು. ಎಲ್‌ಇಡಿ ದೀಪವನ್ನು ಕಿಟಕಿಯ ಹೊರಗೆ, ಪಾತ್ರಧಾರಿಯ ಬೆನ್ನಿಗೆ ಓರೆಯಾಗಿ ಇಡಿ. ಎದುರಿನಿಂದ ಬೆಳಕು ಬಿದ್ದರೆ ಭಯ ಹುಟ್ಟುವುದೇ ಇಲ್ಲ. ಮುಖಕ್ಕೆ ಬಿಳಿ ಥರ್ಮೋಕೋಲ್ ಹಾಳೆಯಿಂದ ಮರಳುವ ಬೆಳಕು ಸಾಕು. ಕ್ಯಾಮೆರಾ ಆ್ಯಪ್‌ನ ಮ್ಯಾನುಯಲ್ ವಿಧಾನದಲ್ಲಿ ಈ ಕ್ರಮದಲ್ಲಿ ಲಾಕ್ ಮಾಡಿ: ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ) 25, ಶಟರ್ (ಪ್ರತಿ ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್, ಐಎಸ್‌ಒ 400, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಿಕೆ) 4000 ಕೆಲ್ವಿನ್, ಕೊನೆಗೆ ಫೋಕಸ್. ಲಾಕ್ ಆದ ಮೇಲೆ ಟಾರ್ಚ್ ತಿರುಗಿಸಿದರೂ ಕ್ಯಾಮೆರಾ ತಾನಾಗಿ ಬೆಳಕು ಬದಲಿಸುವುದಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ 1/50ರಲ್ಲಿ ಟ್ಯೂಬ್‌ಲೈಟ್‌ನ ಪಟ್ಟೆಗಳೂ ಮೂಡುವುದಿಲ್ಲ. ಆ ಹೊತ್ತಿಗೆ ದೃಶ್ಯ ಬೇಕಾದುದಕ್ಕಿಂತ ಬೆಳಕಾಗಿಯೇ ಕಾಣುತ್ತದೆ, ಹಾಗೆಯೇ ಬಿಡಿ.

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಮೊದಲು ಗ್ಯಾಮಾ (ನಡು ಮಟ್ಟದ ಬೆಳಕು) ಇಳಿಸಿ. ಆಮೇಲೆ ಬೆಳಕಿನ ಮಟ್ಟ ತೋರಿಸುವ ನಕ್ಷೆಯಾದ ವೇವ್‌ಫಾರ್ಮ್‌ನ ತಳ ಸೊನ್ನೆಯನ್ನು ಮುಟ್ಟುವಷ್ಟು ಲಿಫ್ಟ್ (ಕತ್ತಲೆ ಭಾಗಗಳು) ಇಳಿಸಿ. ಸ್ಯಾಚುರೇಶನ್ (ಬಣ್ಣದ ಗಾಢತೆ) 50ರಿಂದ 35ಕ್ಕೆ. ನೀಲಿ ಛಾಯೆ ಗ್ಯಾಮಾದಲ್ಲಿ ಮಾತ್ರ, ತುಸುವೇ. ಗೇನ್ (ಹೆಚ್ಚು ಬೆಳಕಿನ ಭಾಗಗಳು) ಮುಟ್ಟಬೇಡಿ, ಕಣ್ಣಿನ ಹೊಳಪು ಉಳಿಯುವುದು ಅದರಿಂದಲೇ.