ತಿರಸ್ಕೃತ ಇಬಿ-1ಎ ಅರ್ಜಿಗೆ ಮೇಲ್ಮನವಿ: ನನ್ನ ಅನುಭವ

ಅಸಾಧಾರಣ ಸಾಧಕರ ಗ್ರೀನ್ ಕಾರ್ಡ್ ವರ್ಗವಾದ ಇಬಿ-1ಎ ತಿರಸ್ಕಾರವಾದರೆ ಮೇಲ್ಮನವಿಯ ಗೊಡವೆಗೆ ಹೋಗದೆ ಹೊಸ ಐ-140 (ಅದರ ಅರ್ಜಿ ನಮೂನೆ) ಹಾಕಬೇಕೆಂಬುದು ಅಮೆರಿಕದಲ್ಲಿರುವ ನಮ್ಮವರ ನಡುವೆ ವೇದವಾಕ್ಯವಾಗಿದೆ. ನನ್ನ ವಕೀಲರೂ ಅದನ್ನೇ ಹೇಳಿದರು; ಮೇಲ್ಮನವಿಗೆ ದುಡ್ಡು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಗೆಳೆಯರು ನಕ್ಕರು. ಆದರೆ ಭಾರತದಲ್ಲಿ ಹುಟ್ಟಿದವರ ಲೆಕ್ಕವೇ ಬೇರೆ. ತಿರಸ್ಕೃತ ಅರ್ಜಿಯ ಪ್ರಯಾರಿಟಿ ಡೇಟ್, ಅಂದರೆ ಗ್ರೀನ್ ಕಾರ್ಡ್ ಸರದಿಯಲ್ಲಿ ನಮ್ಮ ಸ್ಥಾನ ನಿರ್ಧರಿಸುವ ದಿನಾಂಕ, ಹೊಸ ಅರ್ಜಿಗೆ ಬರುವುದಿಲ್ಲ. ಮೇಲ್ಮನವಿಯ ಹಾದಿಯಲ್ಲಿ ಅದೇ ಅರ್ಜಿ ಮಂಜೂರಾದರೆ ಹಳೆಯ ದಿನಾಂಕವೇ ಉಳಿಯುತ್ತದೆ. ನಮ್ಮ ಇಬಿ-1 ಸರದಿ 2022ರ ಫೆಬ್ರವರಿಯ ಆಸುಪಾಸಿನಲ್ಲೇ ತಿಂಗಳುಗಟ್ಟಲೆ ಕದಲದೆ ನಿಂತದ್ದನ್ನು ಕಂಡವರಿಗೆ ಒಂದು ವರ್ಷದ ಬೆಲೆ ಎಷ್ಟೆಂದು ಹೇಳಬೇಕಿಲ್ಲ.

2024ರ ಮಧ್ಯದಲ್ಲಿ ಹಾಕಿದ ಅರ್ಜಿಗೆ ಶುಲ್ಕ 715 ಡಾಲರ್, ಸ್ವಯಂ ಅರ್ಜಿದಾರರು ಕಟ್ಟುವ ಹೆಚ್ಚುವರಿ 300, ಬೇಗ ಪರಿಶೀಲಿಸಲು ಕಟ್ಟುವ ಪ್ರೀಮಿಯಂ 2,805. ವಕೀಲರಿಗೆ ಎಂಟು ಸಾವಿರದ ಹತ್ತಿರ, ಆರ್‌ಎಫ್‌ಇ (ಹೆಚ್ಚಿನ ಸಾಕ್ಷ್ಯ ಕೇಳುವ ಪತ್ರ) ಉತ್ತರಕ್ಕೆ ಮತ್ತೆ ಎರಡು ಸಾವಿರ. ಇಷ್ಟಾದ ಮೇಲೆ ಬಂದ ತಿರಸ್ಕಾರ ಪತ್ರದಲ್ಲಿ ಪ್ರಬಂಧಗಳು ಮತ್ತು ಇತರರ ಕೆಲಸದ ಮೌಲ್ಯಮಾಪನ ಎಂಬ ಎರಡು ಮಾನದಂಡಗಳನ್ನು ಮಾತ್ರ ಒಪ್ಪಿದ್ದರು. ಕನಿಷ್ಠ ಮೂರು ಬೇಕು; ಮೂರನೆಯದು ಸಿಗದ ಕಾರಣ 2010ರ ಕಝೇರಿಯನ್ ತೀರ್ಪಿನಿಂದ ಬಂದ ಎರಡನೆಯ ಹಂತಕ್ಕೆ, ಅಂದರೆ ಒಟ್ಟಾರೆ ಅರ್ಹತೆಯ ಪರಿಶೀಲನೆಗೆ, ಅಧಿಕಾರಿ ಹೋಗಿರಲೇ ಇಲ್ಲ. ನನಗೆ ಇದು ಅನುಕೂಲವಾಗಿಯೇ ಕಂಡಿತು: ಗೆಲ್ಲಬೇಕಾದದ್ದು ಇನ್ನೊಂದೇ ಮಾನದಂಡ.

ಮೇಲ್ಮನವಿಗೆ ವಕೀಲರು ಕೇಳಿದ್ದು ಆರು ಸಾವಿರ. ನಾನು ಮೇಲ್ಮನವಿಯ ನಮೂನೆಯಾದ ಐ-290ಬಿಗೆ 800 ಡಾಲರ್ ಕಟ್ಟಿ ಬ್ರೀಫನ್ನು, ಅಂದರೆ ಲಿಖಿತ ವಾದವನ್ನು, ನಾನೇ ಬರೆದೆ. ಕೊನೆಯಲ್ಲಿ ಒಬ್ಬ ವಕೀಲರಿಗೆ ಐನೂರರಷ್ಟು ಕೊಟ್ಟು ಓದಿಸಿದೆ. ತಿರಸ್ಕಾರ ಪತ್ರದ ಪ್ರತಿಯೊಂದು ವಾಕ್ಯವನ್ನೂ ಬಿಡಿಸಿ ಒಂದು ಅಂಕಣದಲ್ಲಿ ಹಾಕಿ, ಎದುರಿಗೆ ಅದಕ್ಕೆ ಉತ್ತರವಾಗುವ ದಾಖಲೆಯ ಪುಟ ಸಂಖ್ಯೆಯನ್ನು ಬರೆದೆ. ಶಿಫಾರಸು ಪತ್ರಗಳು ಹೊಗಳುತ್ತವೆಯೇ ಹೊರತು ಕ್ಷೇತ್ರದಲ್ಲಿ ಏನು ಬದಲಾಯಿತೆಂದು ಹೇಳುವುದಿಲ್ಲ ಎಂಬುದು ಅಧಿಕಾರಿಯ ಮುಖ್ಯ ಆಕ್ಷೇಪ. ಆದರೆ ಚಿಪ್‌ಗಳ ವಿದ್ಯುತ್ ಸೋರಿಕೆ ಅಳೆಯುವ ನನ್ನ ವಿಧಾನದಿಂದ ತಮ್ಮ ಪ್ರಯೋಗಾಲಯದಲ್ಲಿ ನಲವತ್ತು ನಿಮಿಷದ ಪರೀಕ್ಷೆ ಹತ್ತಕ್ಕೆ ಇಳಿಯಿತೆಂದು, ನನಗೆ ಪರಿಚಯವೇ ಇಲ್ಲದ ಒಬ್ಬ ಎಂಜಿನಿಯರ್ ಬರೆದ ಪತ್ರ ಇನ್ನೂರ ಚಿಲ್ಲರೆ ಪುಟಗಳಾಚೆ ಮೊದಲಿನಿಂದಲೂ ಇತ್ತು. ತಿರಸ್ಕಾರ ಪತ್ರದಲ್ಲಿ ಅದರ ಸುಳಿವೇ ಇರಲಿಲ್ಲ. ಬ್ರೀಫ್ ಆರಂಭವಾದದ್ದು ಅಲ್ಲಿಂದಲೇ. 

ಹೊಸ ಸಾಕ್ಷ್ಯ ತುರುಕುವ ಆಸೆಗೆ ನಾನು ಬೀಳಲಿಲ್ಲ. ಅರ್ಜಿ ಹಾಕಿದ ದಿನದ ನಂತರದ ಸಾಧನೆ ಲೆಕ್ಕಕ್ಕಿಲ್ಲ; ಆರ್‌ಎಫ್‌ಇಯಲ್ಲಿ ಕೇಳಿದಾಗ ಕೊಡದೆ ಉಳಿಸಿಕೊಂಡದ್ದನ್ನು ಮೇಲ್ಮನವಿ ಕೇಳುವ ಕಚೇರಿಯಾದ ಎಎಒ ಸಾಮಾನ್ಯವಾಗಿ ನೋಡುವುದಿಲ್ಲ. ಆದ್ದರಿಂದ ನನ್ನ ಪ್ರಬಂಧಗಳಿಗೆ ಇತರ ಸಂಶೋಧಕರು ಮಾಡಿದ, ಕಡತದಲ್ಲಿದ್ದ ಉಲ್ಲೇಖಗಳನ್ನೇ ಮತ್ತೆ ಜರಡಿ ಹಿಡಿದೆ. ಸುಮಾರು ನಾನೂರು ಉಲ್ಲೇಖಗಳಲ್ಲಿ ನನ್ನ ವಿಧಾನವನ್ನು ನಿಜವಾಗಿ ಬಳಸಿದವು ಮೂವತ್ತರಷ್ಟು ಮಾತ್ರ, ಉಳಿದವು ಪೀಠಿಕೆಯಲ್ಲಿ ಹೆಸರು ಹೇಳಿ ಮುಂದೆ ಹೋದವು. ಒಟ್ಟು ಸಂಖ್ಯೆಯನ್ನು ಬಿಟ್ಟು ಆ ಮೂವತ್ತನ್ನೇ ಹಿಡಿದು ವಾದಿಸಿದೆ. ಎಂಜಿನಿಯರುಗಳ ಸಂಘವಾದ ಐಇಇಇಯ ಸೀನಿಯರ್ ಸದಸ್ಯತ್ವದ ವಾದವನ್ನು ಕೈಬಿಟ್ಟೆ. ವಲಸೆ ಇಲಾಖೆಯ ಕೈಪಿಡಿ ಉದಾಹರಿಸುವುದು ಅದಕ್ಕಿಂತ ಮೇಲಿನ ಫೆಲೋ ಮಟ್ಟವನ್ನು. ನಲವತ್ತು ಪುಟದ ಕರಡು ಹದಿನಾಲ್ಕಕ್ಕೆ ಇಳಿಯಿತು.

ಮೇಲ್ಮನವಿಗೆ ಗಡುವು 30 ದಿನ, ನಿರ್ಧಾರ ಅಂಚೆಯಲ್ಲಿ ಬಂದಿದ್ದರೆ 33. ಲೆಕ್ಕಕ್ಕೆ ಬರುವುದು ಕಡತ ಅವರ ಕೈ ಸೇರಿದ ದಿನ, ಅಂಚೆ ಮುದ್ರೆಯ ದಿನವಲ್ಲ. ಬ್ರೀಫ್ ಕಳಿಸಲು ಮತ್ತೂ 30 ದಿನ ಸಿಗುತ್ತದೆ, ಆದರೆ ನಾನು ಕಾಯದೆ ಜೊತೆಗೇ ಲಗತ್ತಿಸಿದೆ. ಎಎಒಗೆ ಹೋಗುವ ಮುನ್ನ ತಿರಸ್ಕರಿಸಿದ ಕಚೇರಿಯೇ ಸುಮಾರು 45 ದಿನಗಳಲ್ಲಿ ಮರುನೋಟ ಮಾಡುವಾಗ ಬ್ರೀಫ್ ಇಲ್ಲದ ಮೇಲ್ಮನವಿಯಿಂದ ಅವರ ಮನಸ್ಸು ಬದಲಾಗುವ ಸಂಭವವೇ ಇಲ್ಲ.

ನನ್ನ ವಿಷಯದಲ್ಲಿ ಅಲ್ಲಿ ಬದಲಾಗಲಿಲ್ಲ. ಆ ನಡುವೆ ಪ್ರಯೋಗಕ್ಕೆಂದು ಪ್ರೀಮಿಯಂ ಇಲ್ಲದೆ ಎರಡನೆಯ ಐ-140ಯನ್ನೂ ಹಾಕಿದೆ. ಸಾವಿರದಷ್ಟು ಖರ್ಚಾಯಿತು, ಅದು ಹಾಗೇ ಬಿದ್ದಿತ್ತು. ಆರು ತಿಂಗಳು ಕಳೆದ ಮೇಲೆ ಎಎಒ ಮೂರನೆಯ ಮಾನದಂಡವನ್ನು ಒಪ್ಪಿ, ತಿರಸ್ಕಾರವನ್ನು ರದ್ದುಮಾಡಿ, ಎರಡನೆಯ ಹಂತದ ಪರಿಶೀಲನೆಗಾಗಿ ಕಡತವನ್ನು ಹಿಂದಕ್ಕೆ ಕಳಿಸಿತು. ಇದು ಮಂಜೂರಾತಿಯಲ್ಲ, ರಿಮ್ಯಾಂಡ್; ಇನ್ನೊಂದು ಆರ್‌ಎಫ್‌ಇ ಬರಬಹುದೆಂದು ಸಿದ್ಧನಾಗಿದ್ದೆ. ಬರಲಿಲ್ಲ. ಕೆಲವು ವಾರಗಳಲ್ಲಿ 2024ರ ದಿನಾಂಕವೇ ಇರುವ ಮಂಜೂರಾತಿ ಪತ್ರ ಬಂತು, ಎರಡನೆಯ ಅರ್ಜಿಯನ್ನು ಹಿಂದಕ್ಕೆ ಪಡೆದೆ.