ಷೇರಿನ ಪಾಲು ಎಷ್ಟಿರಬೇಕು? ಕುಸಿತಕ್ಕೆ ಮೊದಲೇ ಲೆಕ್ಕ ಹಾಕಿ

ಆರ್ಥಿಕ ಹಿಂಜರಿತದ ಸುದ್ದಿ ಕೇಳಿದೊಡನೆ ಷೇರು ಮಾರಲು ಹೊರಡುವವರು ಮೊದಲು ತಮ್ಮ ಹಣ ಎಲ್ಲೆಲ್ಲಿದೆ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಬೇಕು. ಷೇರು ಮತ್ತು ಈಕ್ವಿಟಿ ಮ್ಯೂಚುವಲ್ ಫಂಡ್ (ಹಲವರ ಹಣ ಸೇರಿಸಿ ಷೇರಿನಲ್ಲಿ ತೊಡಗಿಸುವ ನಿಧಿ) ಒಂದು ಕಡೆಗೆ. ಠೇವಣಿ, ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ), ಅಂಚೆ ಉಳಿತಾಯ ಇನ್ನೊಂದು ಕಡೆಗೆ. ನಾಲ್ಕು ಈಕ್ವಿಟಿ ಫಂಡ್‌ಗಳಿದ್ದ ಮಾತ್ರಕ್ಕೆ ಹಣ ಹಂಚಿಹೋಗಿದೆ ಎನ್ನಲಾಗದು. ನಾಲ್ಕರಲ್ಲೂ ಅವೇ ದೊಡ್ಡ ಬ್ಯಾಂಕುಗಳ ಷೇರುಗಳಿರುವುದು ಸಾಮಾನ್ಯ.

ಎರಡನೆಯದಾಗಿ, ನಷ್ಟವನ್ನು ಶೇಕಡಾವಾರು ನೋಡದೆ ರೂಪಾಯಿಯಲ್ಲಿ ನೋಡಿ. 10 ಲಕ್ಷದಲ್ಲಿ 8 ಲಕ್ಷ ಷೇರಿನಲ್ಲಿದ್ದು, ಅದು ಅರ್ಧಕ್ಕಿಳಿದರೆ ಒಟ್ಟು ಉಳಿಯುವುದು 6 ಲಕ್ಷ. ಇದು ಬರೀ ಕಲ್ಪನೆಯಲ್ಲ: 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್, ಅದೇ ಅಕ್ಟೋಬರ್‌ನಲ್ಲಿ ವಹಿವಾಟಿನ ನಡುವೆ 8,000ಕ್ಕಿಂತ ಕೆಳಗಿಳಿದಿತ್ತು. 2020ರ ಮಾರ್ಚ್ 23ರಂದು ಒಂದೇ ದಿನ ಶೇ 13ರಷ್ಟು ಬಿದ್ದ ಸೂಚ್ಯಂಕ ನವೆಂಬರ್ ಹೊತ್ತಿಗೆ ಚೇತರಿಸಿಕೊಂಡಿತು, ನಿಜ. ಆದರೆ ಮುಂದಿನ ಸಲವೂ ಅಷ್ಟೇ ಬೇಗ ಏಳುತ್ತದೆ ಎನ್ನುವವರನ್ನು ನಾನಂತೂ ನಂಬುವುದಿಲ್ಲ.

ಮೂರನೆಯದು ಬಹಳ ಮಂದಿ ಮರೆಯುವ ಲೆಕ್ಕ, ಅಂದರೆ ಸ್ವಂತ ದುಡಿಮೆಯದು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿ, ಬಳಿಕ ಸೆಪ್ಟೆಂಬರ್ ಹೊತ್ತಿಗೆ ನೆಲಕಚ್ಚಿದ್ದನ್ನು ಕಂಡ ಬೆಳೆಗಾರರ ಆದಾಯವೇ ಷೇರಿನಂತೆ ಏರಿಳಿಯುವಾಗ, ಉಳಿತಾಯವನ್ನೂ ಷೇರಿಗೆ ಸುರಿಯುವುದು ಸರಿಯಲ್ಲ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆ ನೌಕರರಿಗೆ ಹಿಂಜರಿತದಲ್ಲಿ ಕೆಲಸಕ್ಕೂ ಷೇರಿಗೂ ಒಟ್ಟಿಗೇ ಪೆಟ್ಟು ಬೀಳಬಹುದು. ಸರ್ಕಾರಿ ಶಾಲೆಯ ಶಿಕ್ಷಕರು ಇವರಿಗಿಂತ ಹೆಚ್ಚು ತಾಳಿಕೊಳ್ಳಬಲ್ಲರು, ಸ್ವಭಾವದಲ್ಲಿ ಅವರೇ ಹೆಚ್ಚು ಅಂಜುವವರಾದರೂ.

ಬಳಿಕ ಐದು ವರ್ಷದೊಳಗೆ ಬೇಕಾಗುವ ಮದುವೆ, ಓದು, ಕೊಳವೆಬಾವಿಯ ಹಣವನ್ನು ಷೇರಿನಿಂದ ಹೊರಗಿಡಿ. ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆಯಿದೆ.

ಷೇರಿನ ಪಾಲು ಇಳಿಸುವಾಗ ಮಾರುವುದಕ್ಕಿಂತ ಮೊದಲು ಹೊಸ ಉಳಿತಾಯವನ್ನು ಠೇವಣಿಯತ್ತ ತಿರುಗಿಸಿ. ಮಾರಲೇಬೇಕಾದರೆ, ವರ್ಷ ಮೀರಿ ಇಟ್ಟುಕೊಂಡ ಷೇರಿನ ಲಾಭ ಒಂದು ಹಣಕಾಸು ವರ್ಷದಲ್ಲಿ (ಏಪ್ರಿಲ್‌ನಿಂದ ಮಾರ್ಚ್) 1.25 ಲಕ್ಷ ಮೀರಿದರಷ್ಟೇ ಶೇ 12.5 ತೆರಿಗೆ ಬೀಳುವುದರಿಂದ, ಸ್ವಲ್ಪ ಮಾರ್ಚ್‌ನಲ್ಲಿ, ಉಳಿದದ್ದನ್ನು ಏಪ್ರಿಲ್‌ನಲ್ಲಿ ಮಾರಬಹುದು.

ಕೊನೆಯ ಹಂತವೇ ಕಷ್ಟದ್ದು: ಕುಸಿತದ ಬಳಿಕ ಷೇರಿನ ಪಾಲನ್ನು ಮತ್ತೆ ಮೊದಲು ನಿಶ್ಚಯಿಸಿದ ಮಟ್ಟಕ್ಕೆ ತರುವುದು. 10 ಲಕ್ಷದಲ್ಲಿ ಷೇರಿಗೆ ಶೇ 60, ಠೇವಣಿಗೆ ಶೇ 40 ಎಂದು ನಿಶ್ಚಯಿಸಿಕೊಂಡವರ 6 ಲಕ್ಷದ ಷೇರು ಶೇ 30 ಕುಸಿದು 4.2 ಲಕ್ಷವಾದರೆ, ಒಟ್ಟು 8.2 ಲಕ್ಷದಲ್ಲಿ ಶೇ 60 ಎಂದರೆ 4.92 ಲಕ್ಷ, ಎಲ್ಲರೂ ಓಡುತ್ತಿರುವ ಹೊತ್ತಿನಲ್ಲಿ 72,000 ರೂಪಾಯಿ ಠೇವಣಿಯಿಂದ ತೆಗೆದು ಷೇರಿಗೆ ಹಾಕಬೇಕು. ಇದಕ್ಕೆಂದೇ 4 ಲಕ್ಷವನ್ನು ಒಂದೊಂದು ಲಕ್ಷದ ನಾಲ್ಕು ಠೇವಣಿಗಳಾಗಿ ಇಟ್ಟಿದ್ದರೆ, ಒಂದನ್ನು ಮುರಿಸಿದರೆ ಸಾಕು.